‘ಹೀವ್’ ಅಂದರೆ ಎತ್ತುವುದೋ, ವಾಂತಿಯೋ, ನಿಟ್ಟುಸಿರೋ?

ಹೋದ ತಿಂಗಳು ನಮ್ಮ ದೊಡ್ಡಮ್ಮನ ಆಸ್ಪತ್ರೆ ಚೀಟಿಯ ಫೋಟೋ ನನ್ನ ಮೊಬೈಲಿಗೆ ಬಂತು. ಕಳಿಸಿದವನು ಅವರ ಮಗ. ಚೀಟಿಯಲ್ಲಿ ಡಾಕ್ಟರು ಬರೆದ ಒಂದು ಸಾಲಿನ ಕೆಳಗೆ ಗೆರೆ ಎಳೆದಿದ್ದ. ‘ಲೆಫ್ಟ್ ಪ್ಯಾರಾಸ್ಟರ್ನಲ್ ಹೀವ್’ ಎಂದಿತ್ತು. ಅವನು ‘ಹೀವ್’ ಪದವನ್ನು ಮೊಬೈಲಿನಲ್ಲೇ ಹುಡುಕಿ ನೋಡಿದ್ದ. ಎತ್ತು, ಎಸೆ, ಜಗ್ಗು, ವಾಂತಿ ಮಾಡು, ನಿಟ್ಟುಸಿರು ಬಿಡು, ಅಲೆಯಂತೆ ಏರಿಳಿ ಎಂದು ಸಾಲು ಸಾಲಾಗಿ ಬಂದಿತ್ತು. ‘ಅವ್ವಗ ವಾಂತಿ ಆಗೇ ಇಲ್ಲಲ್ಲ, ಯಾಕ ಹಿಂಗ ಬರದಾರ?’ ಎಂದು ಕೇಳಿದ.

ಅವನು ಗಾಬರಿಯಾಗಿದ್ದರಲ್ಲಿ ತಪ್ಪಿಲ್ಲ. ಒಂದೇ ಪದಕ್ಕೆ ಇಷ್ಟು ಅರ್ಥ ಕಂಡರೆ ಯಾವುದನ್ನು ಹಿಡಿಯೋದು? ಇದೇ ಪದ ಹಡಗಿನಲ್ಲಿ ಬರುತ್ತದೆ, ಕುದುರೆ ಲಾಯದಲ್ಲಿ ಬರುತ್ತದೆ, ಮನೆ ಕಟ್ಟುವ ಎಂಜಿನಿಯರ್ ಬಾಯಲ್ಲಿಯೂ ಬರುತ್ತದೆ. ಆದರೆ ಈ ಅರ್ಥಗಳೆಲ್ಲ ಒಂದೇ ಬೇರಿನಿಂದ ಚಿಗುರಿದವು. ಬೇರು ಗೊತ್ತಾದರೆ ಡಾಕ್ಟರು ಬರೆದದ್ದೂ ತಾನಾಗಿ ಅರ್ಥವಾಗುತ್ತದೆ. ಹಾಗಾಗಿ ಆ ಚೀಟಿಗೆ ಕೊನೆಗೆ ಬರುತ್ತೇನೆ.

‘ಹೆವಿ’ಯ ಒಡಹುಟ್ಟು

ಸಾವಿರ ವರ್ಷದ ಹಿಂದಿನ ಇಂಗ್ಲಿಷಿನಲ್ಲಿ ಈ ಪದ ‘ಹೆಬ್ಬನ್’ ಎಂದಿತ್ತು. ಎತ್ತು ಎಂದು ಅರ್ಥ. ಜರ್ಮನ್ ಭಾಷೆಯಲ್ಲಿ ಇವತ್ತಿಗೂ ಎತ್ತುವುದಕ್ಕೆ ‘ಹೇಬನ್’ ಎನ್ನುತ್ತಾರೆ. ನಾವು ದಿನಾ ಹೇಳುವ ‘ಹೆವಿ’ ಕೂಡ ಇದೇ ಮನೆಯದು. ಹೆವಿ ಎಂದರೆ ಎತ್ತಲು ಕಷ್ಟ ಕೊಡುವಂಥದ್ದು.

ಈ ನಂಟೇ ಮುಖ್ಯ. ಇಂಗ್ಲಿಷಿನಲ್ಲಿ ಎತ್ತುವುದಕ್ಕೆ ‘ಲಿಫ್ಟ್’ ಎಂಬ ಪದವೂ ಇದೆ. ಚಹಾದ ಕಪ್ಪನ್ನು ಲಿಫ್ಟ್ ಮಾಡಬಹುದು, ಹೀವ್ ಮಾಡಲಾಗದು. ಜೋಳದ ಚೀಲವನ್ನು ಹಲ್ಲು ಕಚ್ಚಿ, ಉಸಿರು ಬಿಗಿಹಿಡಿದು, ‘ಉಸ್ಸಪ್ಪಾ’ ಎಂದು ಹೆಗಲಿಗೇರಿಸುತ್ತೇವಲ್ಲ, ಅದು ಹೀವ್. ಅಂದರೆ ಈ ಪದದೊಳಗೆ ಭಾರವೂ ಇದೆ, ಏದುಸಿರೂ ಇದೆ.

ಏರಿಳಿತದ ಅರ್ಥ ಎಲ್ಲಿಂದ ಬಂತು? ಭಾರದಿಂದಲೇ ಬಂತು. ಭಾರವಾದದ್ದನ್ನು ಎತ್ತಿಹಿಡಿದು ಬಹಳ ಹೊತ್ತು ನಿಲ್ಲಲಾಗದು. ಎತ್ತಬೇಕು, ಇಳಿಸಬೇಕು, ಸುಧಾರಿಸಿಕೊಂಡು ಮತ್ತೆ ಎತ್ತಬೇಕು. ಭಾರ ಏಳುವ ಕಡೆಯಲ್ಲೆಲ್ಲ ಒಂದು ತಾಳ ಹುಟ್ಟುತ್ತದೆ. ಕಡಲಿನಲ್ಲಿ ಆ ತಾಳಕ್ಕೆ ಕೆಲವು ಸೆಕೆಂಡು ಸಾಕು. ನೆಲಕ್ಕೆ ಒಂದು ವರ್ಷ ಬೇಕು.

‘ಐಸಾ’ ಎಂದಾಗ ಏನಾಗುತ್ತದೆ?

ಊರಿನ ತೇರು ಎಳೆಯುವುದನ್ನು ನೋಡಿದ್ದೀರಲ್ವಾ? ಎಲ್ಲರೂ ಹಗ್ಗ ಹಿಡಿದಿರುತ್ತಾರೆ, ಆದರೂ ಗಾಲಿ ಅಲುಗುವುದಿಲ್ಲ. ಆಗ ಒಬ್ಬರು ದನಿ ತೆಗೆಯುತ್ತಾರೆ, ಉಳಿದವರು ಒಕ್ಕೊರಲಿನಿಂದ ಕೂಗಿ ಜಗ್ಗುತ್ತಾರೆ. ತೇರು ಹೊರಡುತ್ತದೆ. ಕಡಲ ಕರೆಯಲ್ಲಿ ಮೀನುಗಾರರ ‘ಐಲೇಸಾ’ ಮಾಡುವ ಕೆಲಸವೂ ಇದೇ. ಇಂಗ್ಲಿಷ್ ನಾವಿಕರು ಹಗ್ಗ ಜಗ್ಗುವಾಗ, ಲಂಗರು ಮೇಲೆತ್ತುವಾಗ ‘ಹೀವ್ ಹೋ’ ಎನ್ನುತ್ತಿದ್ದರು. ಅದು ಅವರ ಐಸಾ.

ಕೂಗಿದರೆ ಬಲ ಹೆಚ್ಚುತ್ತದೆಯೇ? ಇಲ್ಲ, ಬಲ ಒಟ್ಟಾಗುತ್ತದೆ. ಒಂದು ಕಲ್ಲನ್ನು ಅಲುಗಿಸಲು 300 ಕಿಲೋ ತೂಕದಷ್ಟು ಬಲ ಬೇಕು ಎಂದುಕೊಳ್ಳೋಣ. 10 ಜನ ಇದ್ದಾರೆ, ಒಬ್ಬೊಬ್ಬರೂ 40 ಕಿಲೋದಷ್ಟು ಜಗ್ಗಬಲ್ಲರು. ಎಲ್ಲರೂ ಒಂದೇ ಕ್ಷಣಕ್ಕೆ ಜಗ್ಗಿದರೆ 400 ಆಯಿತು, ಕಲ್ಲು ಹೊರಟಿತು. ತಮತಮಗೆ ತೋಚಿದಾಗ ಜಗ್ಗಿದರೆ ಒಂದು ಕ್ಷಣದಲ್ಲಿ ಐವರ ಬಲ ಮಾತ್ರ ಬೀಳಬಹುದು. 200 ಸಾಲದು. ಇಡೀ ದಿನ ಹೀಗೆ ಬೆವರು ಸುರಿಸಿದರೂ ಕಲ್ಲು ಅಲ್ಲೇ ಇರುತ್ತದೆ.

ಇನ್ನೊಂದು ಕಾರಣವೂ ಇದೆ. ನಿಂತ ವಸ್ತುವನ್ನು ಹೊರಡಿಸಲು ಬೇಕಾಗುವ ಬಲ, ಹೊರಟ ವಸ್ತುವನ್ನು ಸಾಗಿಸಲು ಬೇಕಾಗುವುದಕ್ಕಿಂತ ಜಾಸ್ತಿ. ಕೆಟ್ಟು ನಿಂತ ಕಾರನ್ನು ತಳ್ಳಿದವರಿಗೆ ಇದು ಗೊತ್ತು. ಮೊದಲ ಅಲುಗಾಟಕ್ಕೇ ಎಲ್ಲ ಕಷ್ಟ. ಆ ಒಂದು ಕ್ಷಣಕ್ಕೆ ಎಲ್ಲರ ತೋಳನ್ನೂ ಸೇರಿಸುವುದು ಕೂಗಿನ ಕೆಲಸ. ನಡುವಿನ ಬಿಡುವಿನಲ್ಲಿ ಉಸಿರು ತುಂಬಿಕೊಳ್ಳಬಹುದು, ಕಾಲನ್ನು ಗಟ್ಟಿಯಾಗಿ ಊರಬಹುದು.

ಹಡಗಿನವರ ಮಾತಿನಲ್ಲಿ

ಹೀವ್ ಪದ ಜಾಸ್ತಿ ಬೆಳೆದದ್ದು ಹಡಗಿನ ಮೇಲೆ. ಅಲ್ಲಿ ಅದಕ್ಕೆ ಎಸೆಯುವುದು ಎಂಬ ಅರ್ಥವೂ ಇದೆ. ದೊಡ್ಡ ಹಡಗು ದಕ್ಕೆಗೆ ಬಂದಾಗ ಅದನ್ನು ಕಟ್ಟುವ ಹಗ್ಗ ತೋಳಿನಷ್ಟು ದಪ್ಪ ಇರುತ್ತದೆ. ಅಂಥದ್ದನ್ನು ಎಸೆಯಲು ಯಾರಿಂದಲೂ ಆಗದು. ಅದಕ್ಕೇ ಮೊದಲು ತುದಿಗೆ ಉಂಡೆಯಂಥ ಭಾರದ ಗಂಟಿರುವ ತೆಳ್ಳನೆಯ ಹಗ್ಗವನ್ನು ಬೀಸಿ ಎಸೆಯುತ್ತಾರೆ. ಅದಕ್ಕೆ ‘ಹೀವಿಂಗ್ ಲೈನ್’ ಎಂದು ಹೆಸರು. ದಡದಲ್ಲಿದ್ದವರು ಅದನ್ನು ಹಿಡಿದು ಎಳೆದರೆ ಹಿಂದೆಯೇ ದಪ್ಪ ಹಗ್ಗ ಬರುತ್ತದೆ.

ಹಳೆಯ ಇಂಗ್ಲಿಷ್ ಬರಹಗಳಲ್ಲಿ ‘ಹಡಗು ಕಣ್ಣಿಗೆ ಬಿತ್ತು’ ಎನ್ನಲು ‘ಹೋವ್’ ಎಂಬ ರೂಪ ಬಳಸುತ್ತಾರೆ. ಅದು ಹೀವ್‌ನ ಹಳೆಯ ಭೂತಕಾಲ. ಕಾಣಿಸುವುದಕ್ಕೂ ಎತ್ತುವುದಕ್ಕೂ ಏನು ಸಂಬಂಧ? ಮಲ್ಪೆಯ ಮರಳಿನ ಮೇಲೆ ನಿಂತು ನೋಡಿ. ನಿಮ್ಮ ಕಣ್ಣು ನೀರಿನಿಂದ 2 ಮೀಟರ್ ಎತ್ತರದಲ್ಲಿದ್ದರೆ ಕಡಲು ಬಾನು ಕೂಡುವ ಗೆರೆ ಸುಮಾರು 5 ಕಿ.ಮೀ. ದೂರದಲ್ಲಿರುತ್ತದೆ. ಭೂಮಿ ಗುಂಡಗಿರುವುದರಿಂದ ಅದರಾಚೆಯ ಹಡಗು ಗೆರೆಯ ಕೆಳಗೆ ಅಡಗಿರುತ್ತದೆ. ಹತ್ತಿರ ಬಂದಂತೆ ಮೊದಲು ಕಂಬ, ಆಮೇಲೆ ಮೈ ಕಾಣುತ್ತದೆ. ನೋಡುವವರಿಗೆ ಯಾರೋ ಹಡಗನ್ನು ನೀರಿನಿಂದ ಮೇಲೆತ್ತಿದ ಹಾಗೆ. ಮಾತು ಹುಟ್ಟಿದ್ದು ಆ ನೋಟದಿಂದ.

ಈಗಿನ ಎಂಜಿನಿಯರುಗಳು ಈ ಪದವನ್ನು ಇನ್ನೂ ಬಿಗಿಯಾಗಿ ಬಳಸುತ್ತಾರೆ. ನೀರಿನ ಮೇಲಿರುವ ಹಡಗಿಗೆ ಆರು ಬಗೆಯ ಚಲನೆ ಇದೆ. ತೊಟ್ಟಿಲಿನಂತೆ ಎಡಬಲ ಓಲಾಡಿದರೆ ರೋಲ್. ಮೂತಿ ಮೇಲೆ ಕೆಳಗೆ ಆದರೆ ಪಿಚ್. ಮೂತಿ ಎಡಬಲ ತಿರುಗಿದರೆ ಯಾ. ಇಡೀ ಹಡಗು ಹಿಂದೆ ಮುಂದೆ ಸರಿದರೆ ಸರ್ಜ್, ಪಕ್ಕಕ್ಕೆ ಸರಿದರೆ ಸ್ವೇ. ಯಾವ ಕಡೆಗೂ ವಾಲದೆ, ಕಟ್ಟಡದ ಲಿಫ್ಟಿನಂತೆ ಇಡೀ ಹಡಗೇ ಮೇಲೆದ್ದು ಕೆಳಗಿಳಿದರೆ ಅದು ಹೀವ್. ಕಡಲ ತಳದಲ್ಲಿ ಎಣ್ಣೆ ಬಾವಿ ಕೊರೆಯುವ ಹಡಗುಗಳಿಗೆ ಇದು ದೊಡ್ಡ ತಲೆನೋವು. ಕೊಳವೆಯ ತುದಿ ನೆಲದಲ್ಲಿದೆ, ಹಡಗು ಮೇಲೇಳುತ್ತಿದೆ. ಕೊಳವೆ ಕಿತ್ತು ಬರಬಾರದು, ಹಡಗಿನ ಭಾರವೆಲ್ಲ ಅದರ ಮೇಲೆ ಬೀಳಲೂಬಾರದು. ಅದಕ್ಕಾಗಿಯೇ ಅಲೆಗೆ ತಕ್ಕಂತೆ ಸಡಿಲಿಸುವ, ಬಿಗಿಯುವ ಸಾಧನವನ್ನು ಅಳವಡಿಸಿರುತ್ತಾರೆ.

ನಮ್ಮಲ್ಲಿ ಉಬ್ಬರವಿಳಿತ ಎಂಬ ಮಾತಿದೆ, ಅದೇ ಇದು ಎಂದುಕೊಳ್ಳಬೇಡಿ. ಉಬ್ಬರವಿಳಿತ ಚಂದ್ರ ಮತ್ತು ಸೂರ್ಯರ ಸೆಳೆತದಿಂದ ಗಂಟೆಗಟ್ಟಲೆ ನಡೆಯುವ ಏರಿಳಿತ. ಹೀವ್ ಅಲೆಯದು, ಸೆಕೆಂಡುಗಳ ಲೆಕ್ಕದ್ದು.

ಹೊಟ್ಟೆಯಲ್ಲೂ ಎದೆಯಲ್ಲೂ

ಹಡಗಿನ ಹೀವ್ ಮತ್ತು ವಾಂತಿಯ ಹೀವ್ ಒಂದೇ ಪದವಾಗಿರುವುದು ನನಗೆ ಬಹಳ ಇಷ್ಟವಾದ ಸಂಗತಿ. ಎರಡಕ್ಕೂ ನಿಜವಾದ ನಂಟೂ ಇದೆ. ಮೇಲೆ ಕೆಳಗೆ ಆಗುವ ಚಲನೆ ಸುಮಾರು 5 ಸೆಕೆಂಡಿಗೆ ಒಂದು ಸಲ ಬಂದಾಗ ಮನುಷ್ಯರಿಗೆ ಹೊಟ್ಟೆ ತೊಳಸುವುದು ಜಾಸ್ತಿ. ಅದಕ್ಕಿಂತ ತುಂಬ ವೇಗವಾಗಿ ಕುಲುಕಿದರೆ, ಉದಾಹರಣೆಗೆ ಚಕ್ಕಡಿಯಲ್ಲಿ, ಮೈ ನೋಯುತ್ತದೆಯೇ ಹೊರತು ವಾಂತಿ ಅಷ್ಟಾಗಿ ಬರದು. ಹಡಗಿನ ಕೋಣೆಯೊಳಗೆ ಕೂತಾಗ ಗೋಡೆ ನಿಂತೇ ಇದೆ ಎಂದು ಕಣ್ಣು ಹೇಳುತ್ತದೆ. ಮೇಲೇಳುತ್ತಿದ್ದೇವೆ ಎಂದು ಕಿವಿಯೊಳಗಿನ ಸಮತೋಲದ ಅಂಗ ಹೇಳುತ್ತದೆ. ಎರಡು ಸುದ್ದಿ ತಾಳೆಯಾಗದಿದ್ದಾಗ ಹೊಟ್ಟೆ ಕೆಡುತ್ತದೆ. ದೂರದ ಬಾನಂಚನ್ನು ನೋಡುತ್ತ ಕೂರಿ ಎಂದು ಹೇಳುವುದು ಅದಕ್ಕೇ.

ವಾಂತಿಗೆ ಮುಂಚೆ ಹೊಟ್ಟೆ ಮತ್ತೆ ಮತ್ತೆ ಹಿಂಡಿದಂತಾಗುತ್ತದೆ, ಆದರೆ ಏನೂ ಹೊರಬರುವುದಿಲ್ಲ. ಎದೆಗೂ ಹೊಟ್ಟೆಗೂ ನಡುವಿನ ವಪೆ ಮತ್ತು ಹೊಟ್ಟೆಯ ಸ್ನಾಯುಗಳು ಒಟ್ಟಿಗೆ ಬಿಗಿದು ಸಡಿಲವಾಗುತ್ತಿರುತ್ತವೆ. ಇಂಗ್ಲಿಷಿನವರು ಇದನ್ನು ‘ಡ್ರೈ ಹೀವ್ಸ್’ ಎನ್ನುತ್ತಾರೆ, ನಾವು ಓಕರಿಕೆ ಎನ್ನುತ್ತೇವೆ. ಇಲ್ಲಿಯೂ ಭಾರ ಎತ್ತುವ ಶ್ರಮ, ಇಲ್ಲಿಯೂ ತಾಳ.

ನಿಟ್ಟುಸಿರಿಗೂ ಹೀವ್ ಬಳಸುತ್ತಾರೆ. ಎದೆ ದೊಡ್ಡದಾಗಿ ಎದ್ದು ಇಳಿಯುತ್ತದಲ್ಲ, ಅದಕ್ಕೆ. ದುಃಖವಾದಾಗ ಮಾತ್ರ ನಿಟ್ಟುಸಿರು ಬರುತ್ತದೆ ಎಂದು ನಾವು ತಿಳಿದಿದ್ದೇವೆ. ಆದರೆ ಸುಮ್ನೆ ಕೂತಿದ್ದಾಗಲೂ ಸುಮಾರು 5 ನಿಮಿಷಕ್ಕೊಮ್ಮೆ ನಮಗೇ ಅರಿವಿಲ್ಲದೆ ಒಂದು ದೊಡ್ಡ ಉಸಿರು ತೆಗೆಯುತ್ತೇವೆ. ಶ್ವಾಸಕೋಶದ ಪುಟ್ಟ ಗಾಳಿಚೀಲಗಳಲ್ಲಿ ಕೆಲವು ಮುದುಡಿಕೊಂಡಿರುತ್ತವೆ, ಅವು ಆ ಉಸಿರಿಗೆ ಮತ್ತೆ ಅರಳುತ್ತವೆ.

ಕುದುರೆಗೆ ‘ಹೀವ್ಸ್’ ಎಂಬ ಕಾಯಿಲೆಯೇ ಇದೆ. ಒಣಹುಲ್ಲಿನ ದೂಳು, ಬೂಸ್ಟು ಶ್ವಾಸನಾಳಕ್ಕೆ ಸೇರಿ ಅದು ಕಿರಿದಾಗುತ್ತದೆ. ಉಸಿರು ಬಿಡಲು ಕುದುರೆ ಹೊಟ್ಟೆಯ ಸ್ನಾಯುಗಳಿಂದ ಒತ್ತಿ ಒತ್ತಿ ತಳ್ಳಬೇಕಾಗುತ್ತದೆ. ಹೀಗೆ ಬಹುಕಾಲ ದುಡಿದ ಸ್ನಾಯು ದಪ್ಪವಾಗಿ ಹೊಟ್ಟೆಯ ಪಕ್ಕದಲ್ಲಿ ಗೆರೆಯಂತೆ ಎದ್ದು ಕಾಣುತ್ತದೆ. ಕನ್ನಡದಲ್ಲಿ ಇದಕ್ಕೆ ಒಳ್ಳೆಯ ಪದ ಉಬ್ಬಸ. ಹೇಳುವಾಗಲೇ ಅದರಲ್ಲಿ ಉಬ್ಬು ಕೇಳಿಸುತ್ತದೆ.

ಎರೆ ನೆಲ ಮನೆಯನ್ನೇ ಎತ್ತುವಾಗ

ಈ ಪದದ ಅರ್ಥಗಳಲ್ಲಿ ನಮ್ಮ ಕಡೆಯವರ ಜೇಬಿಗೆ ನೇರವಾಗಿ ತಟ್ಟುವುದು ಮಣ್ಣಿನದು. ಮಣ್ಣು ಉಬ್ಬಿ ತನ್ನ ಮೇಲಿನ ಕಟ್ಟಡವನ್ನು ಎತ್ತುವುದಕ್ಕೆ ಎಂಜಿನಿಯರುಗಳು ಹೀವ್ ಎನ್ನುತ್ತಾರೆ. ವಿಜಯಪುರ, ಬಾಗಲಕೋಟೆ, ಕಲಬುರಗಿ, ರಾಯಚೂರು, ಗದಗ, ಧಾರವಾಡದ ಎರೆ ಭೂಮಿಯಲ್ಲಿ, ಅಂದರೆ ಕಪ್ಪು ಮಣ್ಣಿನ ನೆಲದಲ್ಲಿ, ಇದನ್ನು ನೋಡದವರು ಕಡಿಮೆ.

ಬೇಸಿಗೆಯಲ್ಲಿ ಎರೆ ಹೊಲದ ಬಿರುಕಿನಲ್ಲಿ ಕೈ ಇಳಿಯುತ್ತದೆ. ಮಳೆ ಬಿದ್ದರೆ ಅದೇ ನೆಲ ಉಬ್ಬಿ ಬಿರುಕೆಲ್ಲ ಮುಚ್ಚಿಹೋಗುತ್ತದೆ. ಕೆಂಪು ಮಣ್ಣಿನ ಮಸಾರಿ ಹೊಲದಲ್ಲಿ ಹೀಗಾಗುವುದಿಲ್ಲ. ವ್ಯತ್ಯಾಸ ಇರುವುದು ಜೇಡಿಯ ಬಗೆಯಲ್ಲಿ. ಎರೆಯಲ್ಲಿ ಮಾಂಟ್‌ಮೊರಿಲೊನೈಟ್ ಎಂಬ ಖನಿಜ ಇರುತ್ತದೆ. ಇದರ ಕಣ ಒಂದರ ಮೇಲೊಂದು ಪೇರಿಸಿದ ಹಪ್ಪಳದಂತೆ ಪದರ ಪದರವಾಗಿದೆ. ನೀರು ಆ ಪದರಗಳ ನಡುವೆಯೇ ನುಗ್ಗಿ ಅವನ್ನು ದೂರ ತಳ್ಳುತ್ತದೆ. ಒಂದು ಪದರ ಸರಿಯುವುದು ಕಣ್ಣಿಗೆ ಕಾಣದಷ್ಟು. ಆದರೆ ಕೋಟಿ ಕೋಟಿ ಪದರ ಸರಿದರೆ ನೆಲವೇ ಏಳುತ್ತದೆ. ರಾತ್ರಿ ಕಡಲೆ ನೆನೆಸಿ ಡಬ್ಬಿಯ ಮುಚ್ಚಳ ಹಾಕಿಟ್ಟರೆ ಬೆಳಿಗ್ಗೆ ಮುಚ್ಚಳ ಎದ್ದಿರುತ್ತದಲ್ಲ, ಹಾಗೆಯೇ ಇದು. ಇಲ್ಲಿ ಮುಚ್ಚಳ ಅಂದರೆ ನಿಮ್ಮ ಮನೆ.

ಇಡೀ ಮನೆ ಸಮನಾಗಿ ಎದ್ದು ಸಮನಾಗಿ ಇಳಿದರೆ ಯಾವ ತೊಂದರೆಯೂ ಇರುತ್ತಿರಲಿಲ್ಲ. ಹಾಗಾಗುವುದಿಲ್ಲ. ಮನೆಯ ನಡುಭಾಗದ ಕೆಳಗಿನ ಮಣ್ಣಿಗೆ ಬಿಸಿಲು ತಾಗದು, ಅಲ್ಲಿನ ತೇವ ಆರುವುದಿಲ್ಲ. ಅಂಚಿನ ಮಣ್ಣು ಮಾತ್ರ ಪ್ರತಿ ಮಳೆಗಾಲ ನೆನೆದು ಪ್ರತಿ ಬೇಸಿಗೆ ಒಣಗುತ್ತದೆ. ಒಂದು ಮೂಲೆಯಲ್ಲಿ ಬಚ್ಚಲ ನೀರು ಇಂಗುತ್ತದೆ, ಇನ್ನೊಂದು ಮೂಲೆಯಲ್ಲಿ ಬೇವಿನ ಮರ ನೀರು ಹೀರುತ್ತದೆ. ಒಂದೇ ಮನೆಯ ಕೆಳಗೆ ನಾಲ್ಕು ಬಗೆಯ ಏರಿಳಿತ! ಗೋಡೆ ಇದನ್ನು ತಾಳದೆ ಕಿಟಕಿಯ ಮೂಲೆಯಿಂದ ಓರೆಯಾಗಿ ಸೀಳುತ್ತದೆ. ಮಳೆಗಾಲದಲ್ಲಿ ಬಾಗಿಲು ಸಿಕ್ಕಿಹಾಕಿಕೊಂಡರೆ ಮರ ಉಬ್ಬಿದೆ ಎಂದು ಬಡಗಿಯನ್ನು ಕರೆಸುತ್ತೇವೆ. ಮರವೂ ಉಬ್ಬುತ್ತದೆ, ನಿಜ. ಆದರೆ ಚೌಕಟ್ಟೇ ವಾರೆಯಾಗಿದ್ದರೆ ಬಾಗಿಲನ್ನು ಎಷ್ಟು ಹೆರೆದರೂ ಮುಂದಿನ ವರ್ಷ ಮತ್ತೆ ಅದೇ ಪಾಡು. ನಮ್ಮ ಮನೆಯಲ್ಲಿ ಮೂರು ವರ್ಷ ಹೆರೆಸಿದ ಮೇಲೆ ತಿಳಿದದ್ದು ಇದು.

ಇದರಲ್ಲಿ ತೊಂದರೆ ಜಾಸ್ತಿಯಾಗುವುದು ಹಗುರ ಕಟ್ಟಡಕ್ಕೆ. ಬಹುಮಹಡಿ ಕಟ್ಟಡ ತನ್ನ ಭಾರದಿಂದಲೇ ಮಣ್ಣನ್ನು ಅದುಮಿ ಹಿಡಿಯಬಲ್ಲದು. ಒಂದಂತಸ್ತಿನ ಮನೆ, ಕಾಂಪೌಂಡ್ ಗೋಡೆ, ಮನೆ ಮುಂದಿನ ಸಿಮೆಂಟ್ ನೆಲ ಇವಕ್ಕೆ ಆ ಭಾರ ಇಲ್ಲ. ಕಾಂಪೌಂಡ್ ಗೋಡೆ ಎಲ್ಲಕ್ಕಿಂತ ಮೊದಲು ಬಿರುಕು ಬಿಡುವುದು ಇದೇ ಕಾರಣಕ್ಕೆ.

ಪರಿಹಾರಗಳ ತಿರುಳು ಎರಡೇ. ಒಂದು, ಏರಿಳಿಯುವ ಮಣ್ಣನ್ನು ದಾಟಿ ಕೆಳಗಿನ ಅಲುಗದ ಪದರಕ್ಕೆ ಮನೆಯನ್ನು ಊರುವುದು. ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ರೂಪಿಸಿದ ‘ಅಂಡರ್ ರೀಮ್ಡ್ ಪೈಲ್’ ಇಂಥದ್ದು. ನೆಲದಲ್ಲಿ ಆಳವಾದ ತೂತು ಕೊರೆದು, ಬುಡದಲ್ಲಿ ಮಾತ್ರ ಗೆಡ್ಡೆಯಂತೆ ಅಗಲ ಮಾಡಿ ಕಾಂಕ್ರೀಟ್ ತುಂಬುತ್ತಾರೆ. ಮೇಲಿನ ಮಣ್ಣು ಉಬ್ಬಿ ಕಂಬವನ್ನು ಎತ್ತಲು ನೋಡಿದರೂ ಆ ಗೆಡ್ಡೆ ಕೆಳಗೆ ಸಿಕ್ಕಿಕೊಂಡು ಬಿಡುವುದಿಲ್ಲ. ಎರಡನೆಯದು, ತೇವ ಹೆಚ್ಚುಕಡಿಮೆ ಆಗದಂತೆ ನೋಡಿಕೊಳ್ಳುವುದು. ಮನೆಯ ಸುತ್ತ ಹೊರಕ್ಕೆ ಇಳಿಜಾರಾದ ಕಲ್ಲು ಅಥವಾ ಕಾಂಕ್ರೀಟಿನ ಪಟ್ಟಿ ಹಾಕುವುದು, ಚಾವಣಿಯ ನೀರನ್ನು ಬುಡದಲ್ಲಿ ಬೀಳಿಸದೆ ದೂರ ಒಯ್ಯುವುದು, ಸೋರುವ ಪೈಪನ್ನು ತಡಮಾಡದೆ ಸರಿಪಡಿಸುವುದು. ಈ ಎರಡನೆಯದು ಕಟ್ಟಿ ಮುಗಿದ ಮನೆಗೂ ಆಗುತ್ತದೆ, ಖರ್ಚೂ ಕಡಿಮೆ. ಗೋಡೆಯ ಪಕ್ಕದ ದೊಡ್ಡ ಮರವನ್ನು ಯೋಚಿಸದೆ ಕಡಿಸಬೇಡಿ. ಅದು ಹೀರುತ್ತಿದ್ದ ನೀರು ಮಣ್ಣಿನಲ್ಲೇ ಉಳಿದು ಆ ಮೂಲೆ ಹೊಸದಾಗಿ ಉಬ್ಬಬಹುದು.

ಹಿಮದ ನಾಡಿನಲ್ಲಿ

ಅಮೆರಿಕ, ಕೆನಡಾದ ಚಳಿ ಸೀಮೆಯಲ್ಲಿ ಮನೆ ಮಾಡಿರುವ ಕನ್ನಡಿಗರಿಗೆ ಇದರ ಇನ್ನೊಂದು ರೂಪ ಗೊತ್ತಿರುತ್ತದೆ. ಅಲ್ಲಿ ಅದಕ್ಕೆ ‘ಫ್ರಾಸ್ಟ್ ಹೀವ್’ ಎನ್ನುತ್ತಾರೆ. ಚಳಿಗಾಲದಲ್ಲಿ ನೆಲ ಹೆಪ್ಪುಗಟ್ಟಿ ರಸ್ತೆ ಉಬ್ಬುತ್ತದೆ, ಬೇಲಿಯ ಕಂಬ ಮೇಲೇಳುತ್ತದೆ, ಹೊಲದಲ್ಲಿ ಪ್ರತಿ ವಸಂತಕ್ಕೂ ಹೊಸ ಕಲ್ಲುಗಳು ತಲೆ ಎತ್ತುತ್ತವೆ.

ನೀರು ಹೆಪ್ಪುಗಟ್ಟಿದಾಗ ಸುಮಾರು 9 ಶೇಕಡ ಹಿಗ್ಗುತ್ತದೆ. ಕಾರಣ ಅದೇ ಇರಬೇಕು ಎಂದು ಎಲ್ಲರಿಗೂ ಅನ್ನಿಸುತ್ತದೆ. ಆದರೆ ನೆಲ ಏಳುವುದು ಆ ಲೆಕ್ಕಕ್ಕಿಂತ ತುಂಬ ಜಾಸ್ತಿ. ಅಮೆರಿಕದ ಭೂವಿಜ್ಞಾನಿ ಸ್ಟೀಫನ್ ಟೇಬರ್ 1930ರ ಸುಮಾರಿಗೆ ಇದನ್ನು ಬಿಡಿಸಿದರು. ಅವರು ಮಣ್ಣಿಗೆ ನೀರಿನ ಬದಲು ಬೆಂಜೀನ್ ಹಾಕಿ ಹೆಪ್ಪುಗಟ್ಟಿಸಿದರು. ಬೆಂಜೀನ್ ಹೆಪ್ಪುಗಟ್ಟುವಾಗ ಹಿಗ್ಗುವುದಿಲ್ಲ, ಕುಗ್ಗುತ್ತದೆ. ಆದರೂ ಮಣ್ಣು ಎದ್ದಿತು! ಅಂದರೆ ಹಿಗ್ಗುವಿಕೆ ಮುಖ್ಯ ಕಾರಣವಲ್ಲ. ಹೆಪ್ಪುಗಟ್ಟುವ ಪದರ ಕೆಳಗಿನ ನೀರನ್ನು ತನ್ನತ್ತ ಸೆಳೆಯುತ್ತದೆ, ಹಣತೆಯ ಬತ್ತಿ ಎಣ್ಣೆಯನ್ನು ಸೆಳೆದಂತೆ. ಬಂದ ನೀರೂ ಮಂಜುಗಡ್ಡೆಯಾಗಿ ಬಿಲ್ಲೆಯಂತೆ ಬೆಳೆಯುತ್ತದೆ, ಮೇಲಿನ ನೆಲವನ್ನು ಎತ್ತುತ್ತದೆ. ಮರಳಿಗೆ ಆ ಸೆಳೆತ ಸಾಲದು. ಗಟ್ಟಿ ಜೇಡಿಯಲ್ಲಿ ನೀರು ಬೇಗ ಹರಿಯದು. ನಡುವಿನ ನಯವಾದ ಮೆಕ್ಕಲು ಮಣ್ಣಿನಲ್ಲಿ ಎರಡೂ ಇರುವುದರಿಂದ ಕಾಟ ಅಲ್ಲಿಯೇ ಹೆಚ್ಚು.

ಅದಕ್ಕೆ ಅಲ್ಲಿನ ನಿಯಮದಂತೆ ಅಡಿಪಾಯ ಹೆಪ್ಪುಗಟ್ಟುವ ಆಳಕ್ಕಿಂತ ಕೆಳಗಿರಬೇಕು. ಮಿನ್ನೆಸೋಟ ರಾಜ್ಯದ ದಕ್ಷಿಣದಲ್ಲಿ ಅದು ಮೂರೂವರೆ ಅಡಿ, ಉತ್ತರದಲ್ಲಿ 5 ಅಡಿ. ಎರೆ ನೆಲದ ಉಪಾಯವೂ ಇದೇ ಆಗಿತ್ತಲ್ವಾ, ಏರಿಳಿಯುವ ಪದರವನ್ನು ದಾಟಿ ಕೆಳಗೆ ಹೋಗುವುದು.

ಎದೆಯ ಮೇಲೆ ಕೈ ಇಟ್ಟರೆ

ಈಗ ದೊಡ್ಡಮ್ಮನ ಚೀಟಿ. ‘ಪ್ಯಾರಾಸ್ಟರ್ನಲ್’ ಎಂದರೆ ಎದೆಯ ನಡುವಿನ ಮೂಳೆಯ ಪಕ್ಕ. ‘ಲೆಫ್ಟ್’ ಎಂದರೆ ಎಡಗಡೆ. ಡಾಕ್ಟರು ಅಲ್ಲಿ ತಮ್ಮ ಅಂಗೈಯ ಬುಡವನ್ನು ಊರಿ, ಉಸಿರು ಬಿಟ್ಟು ಹಿಡಿಯಲು ಹೇಳುತ್ತಾರೆ. ಸಾಮಾನ್ಯವಾಗಿ ಕೈ ಸುಮ್ಮನೆ ಇರುತ್ತದೆ. ತುಂಬ ತೆಳ್ಳಗಿರುವವರಲ್ಲಿ, ಮಕ್ಕಳಲ್ಲಿ ಸ್ವಲ್ಪ ಮಿಡಿತ ತಿಳಿಯಬಹುದು. ಆದರೆ ಪ್ರತಿ ಬಡಿತಕ್ಕೂ ಕೈಯೇ ಮೇಲೆದ್ದು ಇಳಿದರೆ ಅದನ್ನು ಹೀವ್ ಎಂದು ಬರೆಯುತ್ತಾರೆ.

ಆ ಮೂಳೆಯ ಹಿಂದೆ ಇರುವುದು ಹೃದಯದ ಬಲಗಡೆಯ ಕೆಳಕೋಣೆ. ಶ್ವಾಸಕೋಶಕ್ಕೆ ರಕ್ತ ತಳ್ಳುವುದು ಅದರ ಕೆಲಸ. ಶ್ವಾಸಕೋಶದ ರಕ್ತನಾಳಗಳಲ್ಲಿ ಒತ್ತಡ ಏರಿದರೆ ಅದು ಜಾಸ್ತಿ ದುಡಿಯಬೇಕಾಗುತ್ತದೆ. ದುಡಿದು ದುಡಿದು ದಪ್ಪವಾಗುತ್ತದೆ, ಹಿಗ್ಗುತ್ತದೆ, ಎದೆಗೂಡನ್ನು ಒಳಗಿನಿಂದ ಒತ್ತುತ್ತದೆ. ಹಾಗೆ ಒತ್ತಡ ಏರಲು ಕಾರಣ ಹಲವು. ಹಳೆಯ ಶ್ವಾಸಕೋಶದ ಕಾಯಿಲೆ ಇರಬಹುದು. ಚಿಕ್ಕಂದಿನ ಗಂಟಲು ನೋವಿನ ಹಿಂದೆ ಬರುವ ಕೀಲುವಾತದ ಜ್ವರದಿಂದ ಹೃದಯದ ಎಡಗಡೆಯ ಕವಾಟ ಕಿರಿದಾಗಿರಬಹುದು. ಹೀವ್ ತಾನೇ ಒಂದು ರೋಗವಲ್ಲ, ಅದೊಂದು ಗುರುತು. ಕಾರಣ ಯಾವುದು ಎಂದು ನೋಡಲು ಎಕೋ ಪರೀಕ್ಷೆ ಮಾಡಿಸುತ್ತಾರೆ.

ಇಷ್ಟನ್ನೂ ಆ ಸಂಜೆ ಫೋನಿನಲ್ಲಿ ಹೇಳಿದೆ. ಅದು ವಾಂತಿಯಲ್ಲ, ಎಕೋ ಮಾಡಿಸಲು ಬರೆದಿದ್ದಾರೆ, ತಪ್ಪದೆ ಮಾಡಿಸು ಎಂದೆ. ಅವನು ಅದನ್ನೆಲ್ಲ ದೊಡ್ಡಮ್ಮನಿಗೆ ದಾಟಿಸಿದ. ಅವರು ಫೋನು ಇಸಿದುಕೊಂಡು ಕೇಳಿದ್ದು ಒಂದೇ ಮಾತು: ‘ಅಂದ್ರ ನನ್ನ ಎದಿ ಡಾಕ್ಟರ್ ಕೈ ಎತ್ತೈತಿ, ಹೌದಲ್ಲ? ಮತ್ತ ಅವನ್ಯಾಕ ವಾಂತಿ ಅಂದ?’